ಸಾಮಾನು ತುಂಬಿದ ತೊಟ್ಟಿಲು

ಸಾಗರದ ನಮ್ಮ ಮನೆಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ನೋಡುವುದು ನನ್ನನ್ನಲ್ಲ, ತೊಟ್ಟಿಲನ್ನು. ಹಲಸಿನ ಮರದ್ದು. ಮೂಲೆಮೂಲೆಗೂ ಗಿಳಿ ಕೆತ್ತಿದ್ದಾರೆ, ಮೇಲೆ ಹಿತ್ತಾಳೆಯ ಸರಪಳಿ. ಅದರೊಳಗೆ ಪಾವು, ಸೇರು, ಅಡಕತ್ತರಿ, ಕುಂಕುಮದ ಭರಣಿ, ಮೂತಿ ಮುರಿದ ಗಿಂಡಿ. ‘ಎಷ್ಟು ಕ್ರಿಯೇಟಿವ್ ನೀವು!’ ಎನ್ನುತ್ತಾರೆ. ಕೆಲವರು ಹಲಸಿನಕಾಯಿ ಬಲಿತಿದೆಯೋ ಎಂದು ನೋಡುವ ಹಾಗೆ ಗಿಂಡಿಯನ್ನು ಬೆರಳಲ್ಲಿ ಕುಟ್ಟಿ ನೋಡುತ್ತಾರೆ. ನನಗೆ ಮೈ ಉರಿಯುತ್ತದೆ. ಆಗುಂಬೆ ಕಡೆ ಹೋಂಸ್ಟೇ ಇಟ್ಟಿರುವವರೊಬ್ಬರು ಆ ತೊಟ್ಟಿಲು ಕೊಡಿ ಎಂದು ಗಂಟುಬಿದ್ದಿದ್ದರು. ಅದರಲ್ಲಿ ಮನಿಪ್ಲಾಂಟ್ ಬೆಳೆಸುತ್ತಾರಂತೆ! ನಿಮ್ಮ ತಲೆ ಮೇಲೆ ಬೆಳೆಸ್ಕಳಿ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಕಾಫಿ ಕೊಟ್ಟು ಕಳಿಸಿದೆ.

ಕ್ರಿಯೇಟಿವ್ ಅಂತೆ, ನನ್ನ ಕರ್ಮ. ಖಾಲಿ ತೊಟ್ಟಿಲು ತೂಗಬಾರದು, ಅದಕ್ಕೇ ತುಂಬಿದ್ದು.

ಅದು ನನ್ನ ಗಂಡನ ಮನೆತನದ ತೊಟ್ಟಿಲು. ಯಾರದೆಂದು ಕೇಳಿದರೆ ಯಾರದೂ ಅಲ್ಲ. ನೆಂಟರಲ್ಲಿ ಎಲ್ಲಿ ಮಗು ಹುಟ್ಟುತ್ತದೋ ಆ ಮನೆಯವರು ಬಂದು ಕೇಳಿ ಒಯ್ಯಬೇಕು. ಕಳಿಸುವವರು ಅದರೊಳಗೆ ಅಕ್ಕಿ, ತೆಂಗಿನಕಾಯಿ ಇಟ್ಟು ಕಳಿಸಬೇಕು. ಮುಂದೆ ಇನ್ನೊಂದು ಮನೆಯವರು ಕೇಳುವವರೆಗೆ ಅದು ಅಲ್ಲೇ. ತಾವಾಗಿ ವಾಪಸ್ ಕಳಿಸುವ ಹಾಗಿಲ್ಲ, ಒಯ್ಯಿರಿ ಎಂದು ಹೇಳುವ ಹಾಗೂ ಇಲ್ಲ. ಹೀಗೆ ಮನೆಯಿಂದ ಮನೆಗೆ ತಿರುಗುತ್ತ ಅದು ನಿಟ್ಟೂರಿನ ನೆಂಟರಲ್ಲಿತ್ತು. ಆಗ ನಾನು ಏಳು ತಿಂಗಳ ಬಸುರಿ. ಹುಟ್ಟುವ ಮೊದಲೇ ತೊಟ್ಟಿಲು ತರಬಾರದು ಎಂಬುದು ನಮ್ಮ ಅತ್ತೆಗೆ ಗೊತ್ತಿಲ್ಲದ್ದಲ್ಲ. ಆದರೆ ನಿಟ್ಟೂರಿನಿಂದ ಸಾಗರಕ್ಕೆ ಒಂದು ಜೀಪು ಖಾಲಿ ಬರುತ್ತಿತ್ತು. ಖಾಲಿ ಬರುವ ಗಾಡಿಯನ್ನು ಸುಮ್ಮನೆ ಬಿಡುವ ಜಾತಿಯೇ ಅಲ್ಲ ನಮ್ಮವರದ್ದು.

“ಮಳೆ ಹಿಡೀತು ಅಂದ್ರೆ ಆ ರಸ್ತೆಲಿ ಯಾರು ತರ್ತಾರೆ? ಈಗ್ಲೇ ಬರ್ಲಿ ಬಿಡೇ. ಅಟ್ಟದ ಮೇಲೆ ಇಟ್ರಾತು” ಎಂದರು ಅತ್ತೆ.

ತೊಟ್ಟಿಲು ಬಂತು. ಮಗು ಬರಲಿಲ್ಲ. ಒಂದು ಬೆಳಿಗ್ಗೆ ಹೊಟ್ಟೆಯೊಳಗೆ ಅಲುಗಾಟ ನಿಂತಿತು, ಆಸ್ಪತ್ರೆಯಲ್ಲಿ ತೆಗೆದರು, ನನಗೆ ತೋರಿಸಲಿಲ್ಲ. ಆಮೇಲೆ ಮತ್ತೆ ಆಗಲೂ ಇಲ್ಲ. ಅತ್ತೆ ಸಾಯುವವರೆಗೂ ಆ ಜೀಪನ್ನು ಬೈದರು. ನಾನು ಅವರನ್ನು ಬೈಯಲಿಲ್ಲ. ಬೈದು ಏನಾಗಬೇಕಿತ್ತು?

ಅಟ್ಟದಲ್ಲಿ ಇಲಿ ಕಡಿಯಲು ಶುರುವಾದಾಗ ಗಂಡ ಅದನ್ನು ಕೆಳಗಿಳಿಸಿದರು. ನೆಲದ ಮೇಲಿಟ್ಟರೆ ಕಾಲಿಗೆ ಎಡವುತ್ತಿತ್ತು. ತೂಗುಹಾಕಿದೆವು. ಖಾಲಿ ಬಿಡಬಾರದೆಂದು ಅತ್ತೆಯ ಪಾವು, ಸೇರು ತಂದಿಟ್ಟೆ. ನನ್ನ ಹವ್ಯಾಸ ಎಂದು ಊರವರು ಹೇಳುವುದು ಶುರುವಾದದ್ದು ಅಲ್ಲಿಂದ. ಆಮೇಲೆ ಯಾರೋ ಹಳೆ ಮನೆ ಕೆಡವುತ್ತಾರೆಂದರೆ ಹೋಗಿ ನಿಲ್ಲುವುದೇ ಕೆಲಸವಾಯಿತು. ಬ್ಯಾಕೋಡಿನಿಂದ ಒಂದು ಶಾವಿಗೆ ಒರಳು ತಂದೆ, ಅದರ ಮೇಲೆ ಈಗ ದೀಪ ಉರಿಯುತ್ತದೆ. ಒನಕೆಯನ್ನು ಗೋಡೆಗೆ ಅಡ್ಡ ಹೊಡೆದು ಕೊಕ್ಕೆ ಹಾಕಿದೆ, ಬಂದವರು ಛತ್ರಿ ನೇತುಹಾಕುತ್ತಾರೆ. ಚನ್ನೆಮಣೆಯ ಗುಳಿಗಳಲ್ಲಿ ಹಳೆಯ ಗುಂಡಿ, ಮಣಿ. ಹಳೆ ಸಾಮಾನು ಹೇಗೆ ಜೋಡಿಸುವುದೆಂದು ಈಗ ಜನ ನನ್ನನ್ನೇ ಕೇಳುತ್ತಾರೆ. ನಾನು ಹೇಳುತ್ತೇನೆ: ಎಲ್ಲವನ್ನೂ ಒಂದೇ ಕಪಾಟಿಗೆ ತುರುಕಬೇಡಿ, ಪಾತ್ರೆ ಅಂಗಡಿ ಆಗುತ್ತದೆ. ಹಿತ್ತಾಳೆಯನ್ನು ಹುಣಸೆಹುಳಿ ಹಾಕಿ ಪಳಪಳ ತಿಕ್ಕಬೇಡಿ, ಕೈ ಮುಟ್ಟಿ ಸವೆದದ್ದೇ ಅದರ ಚಂದ. ಬೆಳಕು ಪಕ್ಕದಿಂದ ಬೀಳಲಿ. ಎಲ್ಲರೂ ತಲೆ ಆಡಿಸುತ್ತಾರೆ. ತೊಟ್ಟಿಲು ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ, ಮನೇದೇ ಎಂದು ಅಡುಗೆಮನೆಗೆ ಹೋಗಿಬಿಡುತ್ತೇನೆ.

ನೆಂಟರಲ್ಲಿ ಮಕ್ಕಳು ಹುಟ್ಟುತ್ತಲೇ ಇದ್ದವು. ಯಾರೂ ತೊಟ್ಟಿಲು ಕೇಳಲಿಲ್ಲ. ನಮ್ಮ ಮನೆ ಚಿಕ್ಕದು, ಸ್ಟೀಲಿನದ್ದೇ ತಂದ್ವಿ ಎನ್ನುವರು. ಈಗಿನ ಮಕ್ಕಳಿಗೆ ಬಟ್ಟೆ ಜೋಲಿಯೇ ಸೈ ಎನ್ನುವರು. ನನಗೆ ತಿಳಿಯದೆ ಇರುತ್ತದೆಯೇ? ನಮ್ಮ ಮನೆಗೆ ಬಂದು ಮಗು ಮಲಗದೆ ಉಳಿದ ತೊಟ್ಟಿಲಲ್ಲಿ ತಮ್ಮ ಮಗುವನ್ನು ಮಲಗಿಸಲು ಅವರಿಗೆ ಭಯ. ಅದು ನನ್ನ ಮನೆಯಿಂದ ಯಾವುದಾದರೂ ಮಗುವಿನ ಮನೆಗೆ ಹೋಗಲಿ, ಒಂದು ಸಲ ಒಂದು ಕೂಸು ಅದರಲ್ಲಿ ಉಚ್ಚೆ ಹೊಯ್ದುಕೊಂಡು ಅಳಲಿ, ಅಷ್ಟೇ ನನಗೆ ಬೇಕಾದದ್ದು. ಹಾಗಾದರೆ ಅದು ಮತ್ತೆ ತೊಟ್ಟಿಲಾಗುತ್ತಿತ್ತು. ನಾನೂ ಎಲ್ಲರ ಹಾಗೆ ಅದನ್ನು ಇಟ್ಟುಕೊಂಡು ಕಳಿಸಿದವಳು ಎನ್ನಿಸಿಕೊಳ್ಳುತ್ತಿದ್ದೆ.

ಹೋದ ವರ್ಷ ತೀರ್ಥಹಳ್ಳಿಯಲ್ಲಿರುವ ನನ್ನ ಮೈದುನನ ಮಗಳು ಬಸುರಿಯಾದಳು. ನನ್ನ ಮಡಿಲಲ್ಲಿ ಆಡಿದ ಹುಡುಗಿ, ದೊಡ್ಡಮ್ಮಾ ಎಂದರೆ ಜೀವ ಬಿಡುತ್ತಾಳೆ. ಇವಳು ಕೇಳದೆ ಇರುವುದಿಲ್ಲ ಎಂದು ಮನಸ್ಸು ಹೇಳಿತು. ತೊಟ್ಟಿಲನ್ನು ಇಳಿಸಿ, ಸಾಮಾನು ತೆಗೆದು, ಎಣ್ಣೆ ಹಚ್ಚಿದೆ. ಆಚಾರಿಯನ್ನು ಕರೆಸಿ ಸಡಿಲವಾದ ಬೆಣೆ ಬಿಗಿ ಮಾಡಿಸಿದೆ.

“ಅವ್ರು ಕೇಳ್ಲಿ ಮಾರಾಯ್ತಿ. ಸುಮ್ನೆ ಆಸೆ ಇಟ್ಕಬೇಡ” ಎಂದರು ಗಂಡ.

“ನಾನೆಲ್ಲಿ ಆಸೆ ಇಟ್ಕಂಡೆ? ಧೂಳು ಒರೆಸ್ತಿದೀನಿ ಅಷ್ಟೇ” ಎಂದೆ.

ಹೆರಿಗೆಯಾಯಿತು, ಹೆಣ್ಣುಮಗು. ಒಂದು ಮಧ್ಯಾಹ್ನ ಹುಡುಗಿಯ ತಾಯಿ, ಅಂದರೆ ನನ್ನ ಓರಗಿತ್ತಿ, ಫೋನ್ ಮಾಡಿದಳು. “ಅಕ್ಕಾ, ನಾಮಕರಣ ಛತ್ರದಲ್ಲಿ ಇಟ್ಕಂಡಿದೀವಿ. ತೊಟ್ಲು ಬೇಕಿತ್ತು, ಕೊಡ್ತೀರಾ?”

ನಾನು ಕೂತಲ್ಲೇ ಅತ್ತುಬಿಟ್ಟೆ. ಅವಳಿಗೆ ಕೇಳಿಸಿರಬೇಕು. ಏನೋ ಹೇಳಲು ಹೋಗಿ ಫೋನಿಟ್ಟಳು. ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಪಕ್ಕದ ಮನೆಯವರಿಗೆ ಹೇಳಿದೆ, ಹಾಲಿನವರಿಗೂ ಹೇಳಿದೆ. ನಾಮಕರಣದ ದಿನ ತೊಟ್ಟಿಲಿಗೆ ಅಕ್ಕಿ, ಕಾಯಿ ಇಟ್ಟು, ಪಿಕಪ್ ಗಾಡಿ ಮಾಡಿಸಿಕೊಂಡು ಗಂಡನ ಜೊತೆ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೊರಟೆ. ಹೊಸನಗರದಲ್ಲಿ ಟೀ ಕುಡಿಯಲು ನಿಲ್ಲಿಸಿದಾಗಲೂ ನಾನು ಗಾಡಿಯಿಂದ ಇಳಿಯಲಿಲ್ಲ. ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆ.

ಛತ್ರದ ಬಾಗಿಲಲ್ಲಿ ಡೆಕೋರೇಷನ್ನಿನ ಹುಡುಗಿಯೊಬ್ಬಳು ಓಡಿಬಂದಳು. “ಆಂಟಿಕ್ ಕಾರ್ನರಿಗೆ ತಾನೇ ಆಂಟಿ? ಆ ಕಡೆ ಇಳಿಸಿ.”

ಆ ಕಡೆ ನೋಡಿದೆ. ಗೋಣಿತಾಟು ಹಾಸಿ ಅದರ ಮೇಲೆ ಲಾಟೀನು, ಹಳೆ ರೇಡಿಯೋ, ಒಂದು ಬೀಸುವ ಕಲ್ಲು ಇಟ್ಟಿದ್ದರು. ಮಧ್ಯೆ ತೊಟ್ಟಿಲು ತೂಗುಹಾಕಲು ಕಬ್ಬಿಣದ ಸ್ಟ್ಯಾಂಡು ನಿಂತಿತ್ತು. ವೇದಿಕೆ ನೋಡಿದೆ. ಅಲ್ಲಿ ಬಾಡಿಗೆಗೆ ತಂದ ಬಿಳಿ ತೊಟ್ಟಿಲು, ಬಲೂನು, ಗುಲಾಬಿ ಬಣ್ಣದ ಪರದೆ.

ಓರಗಿತ್ತಿಯನ್ನು ಕಂಬದ ಹಿಂದೆ ಕರೆದು ಕೇಳಿದೆ. “ಎಂತ ಇದು?”

ಅವಳು ನನ್ನ ಮುಖ ನೋಡಲಿಲ್ಲ. “ಫೋಟೋಕ್ಕೆ ಅಂತ ಅಕ್ಕಾ. ಎಲ್ರೂ ಈಗ ಹೀಗೇ ಮಾಡ್ತಾರಲ್ಲ. ಮಲಗ್ಸಾದು ಬ್ಯಾಡ ಅಂತ ಅಳಿಯನ ಮನೇರು... ಫೋನಲ್ಲೇ ಹೇಳ್ಬೇಕಿತ್ತು, ನೀವು ಅಳ್ತಿದ್ರಿ. ಬೇಜಾರು ಮಾಡ್ಕಬೇಡಿ.”

ಬೇಜಾರಂತೆ! ತೊಟ್ಟಿಲನ್ನು ಹೊತ್ತು ಹೊರಗೆ ಎಸೆದುಬಿಡೋಣ ಅನ್ನಿಸಿತು. ಕೂಗಾಡಬೇಕು ಅನ್ನಿಸಿತು. ಯಾರ ಮೇಲೆ ಕೂಗಾಡುವುದು? ಆ ಕೂಸಿನ ಒಳ್ಳೆಯ ದಿನದಲ್ಲಿ ನಾನು ಕಣ್ಣೀರು ಹಾಕಿದರೆ ಅದನ್ನೂ ಅಪಶಕುನ ಎನ್ನುತ್ತಾರೆ. ಗಂಡ ಬಂದು ಹೋಗೋಣವಾ ಎಂದು ಕೇಳಿದರು. ಊಟ ಮಾಡದೆ ಹೋದರೆ ಮಾತಾಗುತ್ತದೆ ಎಂದೆ.

ಹೆಸರಿಟ್ಟರು. ಬಿಳಿ ತೊಟ್ಟಿಲು ತೂಗಿದರು. ಆಮೇಲೆ ಫೋಟೋ ತೆಗೆಸಿಕೊಳ್ಳಲು ಮೂಲೆಗೆ ಬಂದರು. ನಮ್ಮ ಹುಡುಗಿ ಮಗುವನ್ನೆತ್ತಿಕೊಂಡು, ಸ್ಟ್ಯಾಂಡಿಗೆ ತೂಗುಹಾಕಿದ್ದ ನಮ್ಮ ತೊಟ್ಟಿಲ ಪಕ್ಕ ನಿಂತಳು. ಏನೂ ಅರಿಯದ ಫೋಟೋಗ್ರಾಫರ್, “ಪಾಪೂನ ಒಳಗೆ ಮಲಗ್ಸಿ ಅಕ್ಕಾ, ಒಂದೇ ಒಂದು ಫೋಟೋ” ಎಂದ.

ಹುಡುಗಿ ನನ್ನ ಕಡೆ ನೋಡಿದಳು. ನೋಡಿ, ಮಗುವನ್ನು ಆಚೆ ಹೆಗಲಿಗೆ ಹಾಕಿಕೊಂಡು ಸೆರಗು ಮುಚ್ಚಿದಳು. ನನ್ನ ಮಡಿಲಲ್ಲಿ ಆಡಿದವಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ ಎಂದು ಹೊಳೆದು, ಇದ್ದಬದ್ದ ಜೀವವೂ ಉಡುಗಿಹೋಯಿತು.

“ಗೊಂಬೆ ಇದ್ಯಾ?” ಎಂದು ಡೆಕೋರೇಷನ್ನಿನ ಹುಡುಗಿಯನ್ನು ನಾನೇ ಕೇಳಿದೆ.

ಇತ್ತು. ಕಣ್ಣು ಮುಚ್ಚಿ ತೆಗೆಯುವ ಪ್ಲಾಸ್ಟಿಕ್ ಗೊಂಬೆ. ಅದನ್ನು ತೊಟ್ಟಿಲಲ್ಲಿ ಮಲಗಿಸಿದೆ. ತಲೆ ಒಂದು ಕಡೆ ವಾಲುತ್ತಿತ್ತು. ಸ್ಯಾಟಿನ್ ಬಟ್ಟೆಯ ತುಂಡೊಂದನ್ನು ಮಡಿಸಿ ಕುತ್ತಿಗೆಯ ಕೆಳಗೆ ಕೊಟ್ಟೆ. ಬೆಳಕು ಪಕ್ಕದಿಂದ ಬೀಳಲೆಂದು ಲಾಟೀನನ್ನು ಸರಿಸಿದೆ. ಹೊದಿಕೆಯನ್ನು ಕಾಲಿನವರೆಗೆ ಎಳೆದು, ಸುಮ್ಮನೆ ಒಂದು ಸಲ ತೂಗಿದೆ.

“ಆಂಟಿ, ಸ್ವಲ್ಪ ಪಕ್ಕಕ್ಕೆ ಹೋಗಿ. ಫ್ರೇಮಲ್ಲಿ ನೀವೂ ಬರ್ತಿದೀರ” ಎಂದ ಫೋಟೋಗ್ರಾಫರ್.

ಪಕ್ಕಕ್ಕೆ ಹೋದೆ.