ಅಂಗಾಯಿಗೆ ತವರಿನ ಸೀರೆ

ನಮ್ಮೂರಲ್ಲಿ ಯಾರು ಸತ್ತರೂ ಮೊದಲು ಹೇಳಿಕಳಿಸುವುದು ವಿರುಮಾಯಿಗೆ. ಉಸಿಲಂಪಟ್ಟಿ ಸೀಮೆಯಲ್ಲಿ ಅವಳ ಹಾಗೆ ಹೆಣದ ಮುಂದೆ ಕೂತು ಒಪ್ಪಾರಿ ಹಾಡಿ ಅಳುವವರು ಇನ್ನೊಬ್ಬರಿಲ್ಲ. ಬೆಳಗಿನ ಜಾವ ಮಲ್ಲಿಗೆ ಬಿಡಿಸುವ ಕೂಲಿ, ಉಳಿದ ಹೊತ್ತೆಲ್ಲ ಬಾಯಿ. ಸತ್ತವನು ಊರಿಗೇ ಕಂಟಕನಾಗಿದ್ದರೂ ಇವಳು ಹಾಡಿದಳೆಂದರೆ ಅವನಿಂದ ಒದೆ ತಿಂದವರೂ ಸೆರಗು ಕಣ್ಣಿಗೊತ್ತಿಕೊಳ್ಳಬೇಕು. ನಾನು ಅವಳ ಪಕ್ಕದ ಮನೆಯವಳು, ಇಪ್ಪತ್ತಾರು ವರ್ಷ ಅವಳೊಡನೆ ಜಗಳವಾಡಿಕೊಂಡೇ ಬಾಳಿದವಳು. ಅಂಥ ವಿರುಮಾಯಿ ತನ್ನ ತಾಯಿ ಅಂಗಾಯಿ ಸತ್ತ ದಿನ ಒಂದು ಸಾಲೂ ಹಾಡಲಿಲ್ಲ. ಕಂಬಕ್ಕೊರಗಿ ಬೀದಿಯ ತುದಿಯನ್ನೇ ನೋಡುತ್ತಿದ್ದಳು.

ತವರಿನ ಸೀರೆ ಬಂದಿರಲಿಲ್ಲ. ಹೆಂಗಸು ಎಷ್ಟೇ ಹಣ್ಣು ಮುದುಕಿಯಾಗಿ ಸಾಯಲಿ, ಅಣ್ಣನೋ ತಮ್ಮನೋ ಹೊಸ ಸೀರೆ ತಂದು ಹೊದಿಸಿದ ಮೇಲೇ ಹೆಣ ಎತ್ತುವುದು. ಇಲ್ಲದಿದ್ದರೆ ಹಿಂದೆ ಮುಂದೆ ಯಾರೂ ಇಲ್ಲದವಳು ಹೋದ ಹಾಗೆ. ಅಂಗಾಯಿಗಿದ್ದದ್ದು ಒಬ್ಬನೇ ತಮ್ಮ, ಮೊಕ್ಕಚಾಮಿ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳೇ ಅವಳು. ಅವನ ಮಗನಿಗೆ ವಿರುಮಾಯಿಯನ್ನು ಕೊಡಬೇಕಿತ್ತು; ಅದು ಸೋದರಮಾವನ ಮನೆಯ ಹಕ್ಕು. ಇವಳು ಒಲ್ಲೆನೆಂದು ಈ ಊರಿನ ಹುಡುಗನನ್ನು ಕಟ್ಟಿಕೊಂಡಳು, ತಾಯಿ ಮಗಳ ಕಡೆ ನಿಂತಳು. ‘ನಿನ್ನ ಹೆಣಕ್ಕೂ ಸೀರೆ ತರಲ್ಲ’ ಎಂದು ನಡುಬೀದಿಯಲ್ಲಿ ಕೂಗಿ ಹೋದ ಮೊಕ್ಕಚಾಮಿ ಆಮೇಲೆ ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಅಂಗಾಯಿಯಾದರೂ ಕೊನೆಯ ವಾರ ಮಗಳ ಕೈ ಹಿಡಿದು ಕೇಳಿದ್ದು ಒಂದೇ: ‘ಅವನ ಸೀರೆ ಇಲ್ದೆ ನನ್ನ ಎತ್ತಬೇಡ ಕಣೇ.’

ಹೊತ್ತು ಇಳಿಯತೊಡಗಿತು. ಅಂಗಾಯಿಯ ಮೈದುನ ಕಾಸಿಮಾಯ ಬಂದು ನಿಂತ. “ಎರಡು ಸಲ ಹೇಳಿಕಳ್ಸಾಯ್ತಮ್ಮ, ಅವನು ಬರಲ್ಲ. ಹೊತ್ತು ಮುಳುಗೋದ್ರೊಳಗೆ ಎತ್ತಬೇಕು. ಅಂಗಡಿಯಿಂದ ಒಂದು ಸೀರೆ ತರಿಸ್ತೀನಿ, ಯಾರಾದ್ರೂ ಹೊದಿಸ್ಲಿ.”

“ಯಾರಾದ್ರೂ ಹೊದಿಸೋಕೆ ನಮ್ಮವ್ವ ಬೀದಿಹೆಣವಾ ಚಿಕ್ಕಪ್ಪಾ?” ವಿರುಮಾಯಿ ಎದ್ದಳು. “ನಾನು ಬರೋವರ್ಗೂ ಯಾರೂ ಮುಟ್ಟಕೂಡ್ದು.”

ಬಿಚ್ಚಿದ ತಲೆಯಲ್ಲೇ ಹೊರಟುಬಿಟ್ಟಳು. ನಾನು ಹಿಂದೆಯೇ ಓಡಿದೆ. “ಹುಚ್ಚು ಹಿಡೀತೇನೇ? ಸೂತಕದವಳು ಇನ್ನೊಬ್ಬರ ಮನೆಗೆ ಹೋಗ್ತಾಳೇನೇ?”

“ಹೊಸಿಲು ತುಳಿಯಲ್ಲ. ಮಾಮನ ಬಾಗಿಲ ಮುಂದೆ ನಿಂತು ಹಾಡ್ತೀನಿ.”

ಬದುಕಿರುವವರ ಮನೆಯೆದುರು ಒಪ್ಪಾರಿ ಹಾಡುವುದೆಂದರೆ ಯಮನಿಗೆ ಮನೆ ತೋರಿಸಿದ ಹಾಗೆ. ಆ ಮನೆಯಲ್ಲಿ ಮೊಕ್ಕಚಾಮಿಯ ಮೊಮ್ಮಗಳು ಹನ್ನೊಂದು ದಿನದ ಬಾಣಂತಿ. ಸಜ್ಜೆ ಹೊಲದ ಬದುವಿನಲ್ಲಿ ಎರಡು ಮೈಲಿ ನಡೆಯುವಷ್ಟು ಹೊತ್ತೂ ಬೈದೆ, ಬೇಡಿಕೊಂಡೆ. ಗೋಡೆಗೆ ಹೇಳಿದ್ದರೂ ಒಂದು ಮಾತು ತಿರುಗಿ ಬರುತ್ತಿತ್ತೇನೋ.

ಅವಳನ್ನು ಕಂಡದ್ದೇ ಬೀದಿಯವರೆಲ್ಲ ಹೊರಗೆ ಬಂದರು. ಮೊಕ್ಕಚಾಮಿಯ ಹೆಂಡತಿ ಜಗುಲಿಯಿಂದಲೇ ಕೈಮುಗಿದಳು. “ಬೇಡ ಕಣೇ ತಾಯಿ, ಒಳಗೆ ಹಸುಗೂಸಿದೆ.”

ಮೊಮ್ಮಗ ದೊಣ್ಣೆ ಹಿಡಿದು ಮೆಟ್ಟಿಲಿಳಿದ. “ಬಾಯಿ ತೆಗೆದ್ರೆ ಹಲ್ಲು ಉದುರಿಸ್ತೀನಿ.”

“ಉದುರ್ಸು ಬಾರೋ. ಹಲ್ಲಿಲ್ದೇನೂ ಹಾಡ್ತೀನಿ. ಸೀರೆ ತರ್ತಾರೋ, ಹಾಡಲೋ, ಕೇಳು ನಿಮ್ಮ ತಾತನ್ನ!” ವಿರುಮಾಯಿ ಎದೆಗೆ ಕೈಯೆತ್ತಿದಳು. ಎದೆ ಬಡಿದುಕೊಂಡಳೆಂದರೆ ಮುಂದಿನದು ಹಾಡೇ. ನಾನು ಕಣ್ಣು ಮುಚ್ಚಿಕೊಂಡೆ.

“ಹಾಡು.”

ಮೊಕ್ಕಚಾಮಿಯ ದನಿ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. “ಈ ಮನೇಲಿ ಅವಳ ಹೆಸರೆತ್ತಿದ್ರೆ ಕಾಲು ಮುರೀತೀನಿ ಅಂದಿದ್ದೆ. ಬೆಳಿಗ್ಗೆ ಸುದ್ದಿ ಬಂತು. ನನ್ನ ಹೆದರಿಕೆಗೆ ಒಬ್ಬರೂ ಅಳಲಿಲ್ಲ. ನಂಗೂ ಅಳು ಬರ್ತಿಲ್ಲ ಕಣೇ, ಎದೆ ಕಟ್ಕೊಂಡುಬಿಟ್ಟಿದೆ. ಹಾಡು.”

ಒಳಗೆ ಕೂಸು ಅತ್ತಿತು. ಎತ್ತಿದ ಕೈಯನ್ನು ವಿರುಮಾಯಿ ಕೆಳಗಿಳಿಸಿದಳು. ಅಷ್ಟು ದೂರದಿಂದ ಹಾಡಲೆಂದೇ ಬಂದವಳು!

“ಇಲ್ಲಿ ಹಾಡಲ್ಲ. ಹಸುಗೂಸಿದೆ,” ಎಂದಳು. “ಅಲ್ಲಿಗೆ ಬನ್ನಿ.”

ಅವನ ಹೆಂಡತಿ ಒಳಗೆ ಹೋಗಿ, ತೊಟ್ಟಿಲ ಶಾಸ್ತ್ರಕ್ಕೆಂದು ತನಗೆ ತಂದಿದ್ದ ಹೊಸ ಸೀರೆಯನ್ನು ಗಂಡನ ಕೈಗಿಟ್ಟಳು. ಹಲ್ಲು ಉದುರಿಸುತ್ತೇನೆಂದ ಹುಡುಗನೇ ಹೂವಿನ ಟೆಂಪೋ ತಂದ. ಸೂರ್ಯ ಆಗಲೇ ಗುಡ್ಡಕ್ಕೆ ತಾಗಿದ್ದ. ದಾರಿಯುದ್ದಕ್ಕೂ ಆ ಮುದುಕ ಸೀರೆಯನ್ನು ಎದೆಗವಚಿಕೊಂಡು ಕೂತಿದ್ದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು.

ನಮ್ಮ ಬೀದಿಗೆ ತಿರುಗುವಾಗ ತಮಟೆ ಜೋರಾಯಿತು. ಕಾಸಿಮಾಯ ಕಾದು ಸಾಕಾಗಿ ಚಟ್ಟಕ್ಕೆ ಹೆಗಲು ಕೊಡಿಸಿಬಿಟ್ಟಿದ್ದ. ಟೆಂಪೋ ನಿಲ್ಲುವ ಮೊದಲೇ ವಿರುಮಾಯಿ ಧುಮುಕಿದಳು. “ಇಳಿಸ್ರೋ! ಇಳಿಸ್ರೋ ಕೆಳಗೆ! ತವರಿನೋರು ಬಂದವ್ರೆ!”

ಇಳಿಸಿದರು. ತಮಟೆ ನಿಂತಿತು. ಮೊಕ್ಕಚಾಮಿ ಸೀರೆಯ ಮಡಿಕೆ ಬಿಚ್ಚಿದ. ವಿರುಮಾಯಿ ಅವನ ಮುಂಗೈ ಹಿಡಿದಳು.

“ಮೊದಲು ಬಾಯ್ತುಂಬ ಕರೀರಿ. ಬಾಗಿಲು ಸದ್ದಾದಾಗೆಲ್ಲ ನೀವೇ ಬಂದ್ರಿ ಅಂತ ಅವ್ವ ಏಳೋಳು.”

ಮುದುಕ ಮಂಡಿಯೂರಿ ಅಕ್ಕನ ಕಿವಿಯ ಹತ್ತಿರ ಬಗ್ಗಿದ. “ಅಕ್ಕಾ,” ಎಂದ. ಉತ್ತರಕ್ಕೆ ಕಾಯುವವನ ಹಾಗೆ ಅವಳ ಮುಖವನ್ನೇ ನೋಡಿದ. “ಅಕ್ಕಾ, ಮೊಕ್ಕ ಬಂದಿದೀನಿ ಕಣಕ್ಕಾ.” ಬದುಕಿದ್ದಾಗ ಒಂದು ಸಲ ಹಾಗೆ ಕರೆದಿದ್ದರೆ ಅವಳು ಒಲೆಯ ಮೇಲಿನ ಅನ್ನ ಬಿಟ್ಟು ಓಡುತ್ತಿದ್ದಳು. ಮೂರನೆಯ ಸಲ ಕರೆಯುವಾಗ ಅವನ ದನಿ ಒಡೆಯಿತು, ಮತ್ತೆ ಕರೆದ, ಮತ್ತೆ ಮತ್ತೆ ಕರೆದ.

“ಸಾಕು ಮಾಮಾ,” ಎಂದಳು ವಿರುಮಾಯಿ. “ಹೊದಿಸಿ. ಹೊತ್ತಾಯ್ತು.”