ಕ್ಯೋಟೋಗೆ ನಾವಿಬ್ಬರೇ

ದ್ವಾರಕನಾಥನಿಗೆ ಕೂತಲ್ಲಿ ಕೂರಲು ಬರುವುದಿಲ್ಲ. ಅವನು ಕೂತರೂ ಅವನ ಬಲಗಾಲು ಕೂರುವುದಿಲ್ಲ, ಮಂಡಿಯಿಂದ ಕೆಳಗೆ ಕುಣಿಯುತ್ತಲೇ ಇರುತ್ತದೆ. ನಂಜನಗೂಡಿನಿಂದ ಓದಲು ಬಂದು ಮೈಸೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿ ಏಳು ವರ್ಷ ಇದ್ದನಲ್ಲ, ಆಗ ಊಟಕ್ಕೆ ಕೂತಾಗಲೆಲ್ಲ ದೊಡ್ಡಮ್ಮ ಸಟ್ಟುಗದಿಂದ ಅವನ ತೊಡೆಯ ಮೇಲೆ ಒಂದು ಬಿಡುತ್ತಿದ್ದಳು. ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಕಣೋ ಎಂದು ಬೈಯುತ್ತಿದ್ದಳು, ಬೈದ ಬಾಯಲ್ಲೇ ಇನ್ನೊಂದು ಮಿಳ್ಳೆ ತುಪ್ಪ ಹಾಕುತ್ತಿದ್ದಳು. ದರಿದ್ರವೇನೂ ಬರಲಿಲ್ಲ. ನಲವತ್ತೆರಡು ತುಂಬಿತು, ಸಿಂಗಪುರಕ್ಕೆ ಬಂದು ಹನ್ನೆರಡು ವರ್ಷವಾಯಿತು, ಜುರಾಂಗ್ ಈಸ್ಟಿನಲ್ಲಿ ಒಂಬತ್ತನೇ ಮಹಡಿಯ ಫ್ಲ್ಯಾಟು ಸ್ವಂತದ್ದಾಯಿತು. ಕಾಲು ಮಾತ್ರ ಇನ್ನೂ ಕುಣಿಯುತ್ತಿತ್ತು.

ಕೆಲಸವೂ ಅವನಿಗೆ ತಕ್ಕದ್ದೇ ಸಿಕ್ಕಿತ್ತು. ಪಾಸಿರ್ ಪಂಜಾಂಗಿನ ಒಂದು ಹಡಗು ಕಂಪನಿಯ ಆಫೀಸಿನಲ್ಲಿ, ಯಾವ ಹಡಗು ಎಷ್ಟು ಹೊತ್ತಿಗೆ ಬಂದು ಯಾವ ಧಕ್ಕೆಯಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಜಾಗ ಖಾಲಿ ಮಾಡಬೇಕು ಎಂದು ಗೊತ್ತುಮಾಡುವವನು ಅವನು. ಮೇಜಿನಷ್ಟು ಅಗಲದ ಹಾಳೆ, ಮೇಲ್ಗಡೆ ಗಂಟೆಗಳು, ಪಕ್ಕದಲ್ಲಿ ಧಕ್ಕೆಗಳ ನಂಬರು, ನಡುವೆ ಪೆನ್ಸಿಲ್ಲಿನ ಚೌಕಗಳು. ಒಂದೊಂದು ಚೌಕ ಒಂದೊಂದು ಹಡಗು. ಎಲ್ಲಾದರೂ ಖಾಲಿ ಜಾಗ ಉಳಿದರೆ ಅದನ್ನು ತುಂಬುವವರೆಗೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ವಾರಕ್ಕೊಮ್ಮೆ ಶಿಫ್ಟು ಬದಲಾಗುತ್ತಿತ್ತು. ಹೆಂಡತಿ ಕೌಸಲ್ಯಾ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಅವಳದೂ ಶಿಫ್ಟೇ. ಇವನು ಚಪ್ಪಲಿ ಮೆಟ್ಟುವಾಗ ಅವಳು ಚಪ್ಪಲಿ ಬಿಡುತ್ತಿದ್ದಳು. ಸಂಸಾರವೆಲ್ಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳ ಮೇಲೆ ನಡೆದಿತ್ತು. ಹುಳಿ ಬಿಸಿ ಮಾಡಿಕೊಳ್ಳಿ, ನಿಶ್ಚಿತಾ ಸ್ಕೂಲಿನ ಫಾರ್ಮಿಗೆ ಸೈನ್ ಹಾಕಿ, ಹಾಲು ಮುಗಿದಿದೆ. ಜಗಳ ಆಡುವುದಕ್ಕೂ ಪುರಸೊತ್ತಿಲ್ಲದ ಜೋಡಿ ಅದು.

ತೊಂಬತ್ತಾರರ ಡಿಸೆಂಬರಿನಲ್ಲಿ ಕಂಪನಿಯ ಹೊಸ ಕ್ಯಾಲೆಂಡರು ಮನೆಗೆ ಬಂತು. ಪ್ರತಿ ಹಾಳೆಗೂ ಒಂದೊಂದು ಊರಿನ ಚಿತ್ರ. ಏಪ್ರಿಲ್ ತಿಂಗಳಿಗೆ ಜಪಾನಿನ ಕ್ಯೋಟೋ. ಸಣ್ಣದೊಂದು ಕಾಲುವೆ, ಎರಡೂ ದಡದಲ್ಲಿ ತಿಳಿಗುಲಾಬಿ ಹೂವು ತುಂಬಿದ ಮರಗಳು, ಪಕ್ಕದ ಕಲ್ಲುಹಾದಿಯಲ್ಲಿ ನಮಗೆ ಬೆನ್ನು ಹಾಕಿಕೊಂಡು ನಡೆಯುತ್ತಿರುವ ಒಬ್ಬ ಗಂಡಸು, ಒಬ್ಬಳು ಹೆಂಗಸು. ಕೌಸಲ್ಯಾ ಹಾಳೆ ಮಗುಚುತ್ತ ಬಂದವಳು ಅಲ್ಲಿ ನಿಂತಳು.

"ಇಲ್ಲಿಗೆ ಹೋಗೋಣ ರೀ," ಅಂದಳು. "ನಾವಿಬ್ಬರೇ."

ದ್ವಾರಕನಾಥ ನಕ್ಕ. ಅವಳು ನಗಲಿಲ್ಲ. ಮಗಳಿಗೆ ಹದಿನಾಲ್ಕಾಯಿತು, ಇನ್ನು ನಾಲ್ಕೈದು ವರ್ಷಕ್ಕೆ ಅವಳು ಓದಲಿಕ್ಕೆಂದು ಎಲ್ಲಿಗೋ ಹೊರಟುಹೋಗುತ್ತಾಳೆ ಎಂದಳು. "ಆಮೇಲೆ ಈ ಮನೇಲಿ ನಾವಿಬ್ಬರೇ ಅಲ್ವಾ? ನಮ್ಗೆ ಅದು ಬರತ್ತಾ, ಇಲ್ವಾ, ಒಂದ್ಸಲ ನೋಡ್ಬೇಕು ನಂಗೆ."

ಈ 'ನಾವಿಬ್ಬರೇ' ಅನ್ನುವ ಮಾತಿನ ಹಿಂದೆ ಒಂದು ಕತೆ ಇದೆ. ಹದಿನಾರು ವರ್ಷದ ಹಿಂದೆ ಮದುವೆಯಾದಾಗ ಇವರಿಬ್ಬರನ್ನು ಊಟಿಗೆ ಕಳಿಸುವುದು ಅಂತಾಯಿತು. ಹೊಸ ಜೋಡಿಯನ್ನು ಒಂಟಿಯಾಗಿ ಕಳಿಸುವುದುಂಟೇ ಎಂದು ದೊಡ್ಡಮ್ಮನ ಮಗ ಬದರೀನಾಥ ಒಂದು ವ್ಯಾನು ಗೊತ್ತುಮಾಡಿದ. ಹೊರಟವರು ಹದಿಮೂರು ಜನ. ಸಿಕ್ಕಿದ್ದು ಎರಡು ರೂಮು. ಒಂದರಲ್ಲಿ ಹೆಂಗಸರು, ಒಂದರಲ್ಲಿ ಗಂಡಸರು ಎಂದು ಬದರಿಯೇ ಹಂಚಿದ. ದೋಣಿಯಲ್ಲಿ ಮದುಮಕ್ಕಳ ನಡುವೆ ದೊಡ್ಡಮ್ಮ ಪುಳಿಯೋಗರೆಯ ಡಬ್ಬಿ ಹಿಡಿದು ಕೂತಿದ್ದಳು. ಕೌಸಲ್ಯಾ ಇದನ್ನು ಬಂದವರಿಗೆಲ್ಲ ನಗುನಗುತ್ತ ಹೇಳುತ್ತಿದ್ದಳು, ಕೇಳಿದವರೂ ಬಿದ್ದು ಬಿದ್ದು ನಗುತ್ತಿದ್ದರು. ಅದರಲ್ಲಿ ನಗು ಬಿಟ್ಟು ಇನ್ನೂ ಏನೋ ಇದೆ ಎಂದು ನಮ್ಮ ಈ ಮಹಾನುಭಾವನಿಗೆ ಹದಿನಾರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಸರಿ, ತಯಾರಿ ಶುರುವಾಯಿತು. ಇಬ್ಬರಿಗೂ ಏಪ್ರಿಲ್ ಐದರಿಂದ ಒಂಬತ್ತರವರೆಗೆ ರಜೆ ಸಿಕ್ಕಿತು. ಎಂಟಕ್ಕೆ ಯುಗಾದಿ ಬರುತ್ತಿತ್ತು; ಬೇವು ಬೆಲ್ಲ ಡಬ್ಬಿಯಲ್ಲಿ ಹಾಕಿಕೊಂಡು ಹೋದರಾಯಿತು, ಅಲ್ಲೇ ತಿನ್ನೋಣ ಎಂದಳು ಕೌಸಲ್ಯಾ. ನಿಶ್ಚಿತಾಳನ್ನು ಎರಡು ಮಹಡಿ ಕೆಳಗಿನ ಶೋಭಾ ಆಂಟಿಯ ಮನೆಯಲ್ಲಿ ಬಿಡುವುದೆಂದಾಯಿತು. ಟ್ರಾವೆಲ್ ಏಜೆನ್ಸಿಯವರು ಕ್ಯೋಟೋದ ಹೊಳೆಯ ಹತ್ತಿರ ಒಂದು ಸಣ್ಣ ಹೋಟೆಲ್ ಬುಕ್ ಮಾಡಿಕೊಟ್ಟರು. ಕೌಸಲ್ಯಾ ಜನವರಿ ಒಂದಕ್ಕೇ ಕ್ಯಾಲೆಂಡರನ್ನು ಏಪ್ರಿಲ್‌ಗೆ ತಿರುವಿ ಅಡುಗೆಮನೆಯ ಗೋಡೆಗೆ ತೂಗುಹಾಕಿದಳು. ಆ ಮನೆಯಲ್ಲಿ ತಾರೀಖು ಬೇಕಾದವರು ಹಿಂದಕ್ಕೆ ಮಗುಚಿದ ಹಾಳೆಗಳನ್ನು ಎತ್ತಿ ಇಣುಕಿ ನೋಡಬೇಕಾಗಿತ್ತು.

ದ್ವಾರಕನಾಥ ಆಫೀಸಿನಿಂದ ಅಗಲದ ಹಾಳೆಯೊಂದನ್ನು ತಂದ. ಮೇಲೆ ಗಂಟೆ, ಪಕ್ಕದಲ್ಲಿ ದಿನ. ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಅರ್ಧರ್ಧ ಗಂಟೆಗೆ ಒಂದೊಂದು ಚೌಕ. ಬಂಗಾರದ ದೇವಸ್ಥಾನ, ಬೆಳ್ಳಿಯ ದೇವಸ್ಥಾನ, ಕೆಂಪು ಕಮಾನಿನ ದೇವಸ್ಥಾನ, ಅರಮನೆ, ಬಿದಿರಿನ ತೋಪು, ಮತ್ತೆ ಎರಡು ದೇವಸ್ಥಾನ. ಕ್ಯಾಲೆಂಡರಿನ ಕಾಲುವೆಗೆ ಸೋಮವಾರ ನಾಲ್ಕರಿಂದ ನಾಲ್ಕೂವರೆ. ಲೈಬ್ರರಿಯಿಂದ ಪುಸ್ತಕ ತಂದ, ಬಸ್ಸಿನ ನಂಬರು ಬರೆದುಕೊಂಡ, ಅಳಿಸಿದ, ಮತ್ತೆ ಬರೆದ. ಶಿಫ್ಟು ಮುಗಿಸಿ ಬಂದವನು ಮಲಗದೆ ಹಾಲಿನಲ್ಲಿ ಶತಪಥ ಹಾಕುತ್ತಿದ್ದ. ನಿಶ್ಚಿತಾ ಒಂದು ದಿನ ಬಗ್ಗಿ ನೋಡಿ, ಇದು ಹನಿಮೂನಾ ಆರ್ಮಿ ಕ್ಯಾಂಪಾ ಡ್ಯಾಡೀ, ಸೋ ಟೈರಿಂಗ್ ಲಾ ಎಂದು ತನ್ನ ರೂಮಿಗೆ ಹೋದಳು.

ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆಯಾಗಿತ್ತು. ಐದು ದಿನ! ಇಬ್ಬರೂ ಒಂದೇ ಹೊತ್ತಿಗೆ ಎದ್ದು, ಒಂದೇ ಮೇಜಿಗೆ ಎದುರುಬದುರು ಕೂತು, ಏನು ಮಾತಾಡುವುದು? ಬಸ್ಸಿನಲ್ಲಿ ಪಾಸಿರ್ ಪಂಜಾಂಗಿಗೆ ಹೋಗುವಾಗ ಮನಸ್ಸಿನಲ್ಲೇ ಒಮ್ಮೆ ಆಡಿ ನೋಡಿದ. ನಿಶ್ಚಿತಾಳ ಮಾರ್ಕ್ಸು, ಮನೆಯ ರಿಪೇರಿ, ಊರಿನ ಸಮಾಚಾರ. ಮೊದಲ ದಿನದ ತಿಂಡಿ ಮುಗಿಯುವುದರೊಳಗೆ ಎಲ್ಲ ಮುಗಿದುಹೋಯಿತು. ಆಮೇಲೆ ಅವಳು ಮುಖ ನೋಡುತ್ತಾಳೆ, ಇವನು ಮುಖ ನೋಡುತ್ತಾನೆ. ಇಷ್ಟೇನಾ ಈ ಮನುಷ್ಯ ಎಂದು ಅವಳಿಗೆ ಗೊತ್ತಾಗಿಬಿಟ್ಟರೆ? ಅವಳು ನೋಡಬೇಕು ಅಂದದ್ದು ಅದನ್ನೇ ಅಲ್ಲವೇ? ಆ ದಿನ ಆಫೀಸಿನಿಂದ ಬಂದವನು ಹಾಳೆಯಲ್ಲಿ ಇನ್ನೂ ಎರಡು ದೇವಸ್ಥಾನ ಸೇರಿಸಿದ.

ಎಡವಟ್ಟಾದದ್ದು ಊಟದ ವಿಷಯದಲ್ಲಿ. ಜಪಾನಿನಲ್ಲಿ ತಿಳಿಸಾರಿಗೂ ಒಣಮೀನಿನ ರಸ ಬಿಟ್ಟಿರುತ್ತಾರೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಕೌಸಲ್ಯಾ ಮೊಟ್ಟೆಯನ್ನೂ ಮುಟ್ಟುವವಳಲ್ಲ. ಬದರಿ ಅಣ್ಣ ಆರು ವರ್ಷದಿಂದ ಒಸಾಕಾದಲ್ಲಿ ಇಂಜಿನಿಯರು, ಕ್ಯೋಟೋಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಇವನು ಮಾರ್ಚ್ ತಿಂಗಳ ಒಂದು ಸೋಮವಾರ ಒಂದು ಫ್ಯಾಕ್ಸ್ ಕಳಿಸಿದ. ಕ್ಯೋಟೋಗೆ ಬರುತ್ತಿದ್ದೇವೆ, ಅಲ್ಲಿ ಕೌಸಲ್ಯಾ ಏನು ತಿನ್ನಬಹುದು, ಎಲ್ಲಿ ಸಿಗುತ್ತದೆ, ಇಷ್ಟು ತಿಳಿಸಿದರೆ ಸಾಕು. ಅಯ್ಯೋ ಪುಣ್ಯಾತ್ಮ! ನಮ್ಮವರೊಬ್ಬರು ಹತ್ತಿರದ ಊರಿನಲ್ಲಿರುವಾಗ ಅವರ ಹತ್ತಿರ ಊಟದ ಮಾತೆತ್ತಿದ ಮೇಲೆ ಹೋಟೆಲಿನಲ್ಲಿ ಇಳಿದುಕೊಂಡವರು ಯಾರಾದರೂ ಇದ್ದಾರೆಯೇ?

ಮಾರನೆಯ ದಿನವೇ ಆಫೀಸಿನ ಮೆಶಿನ್ನು ಕರಕರ ಎಂದು ನಾಲ್ಕು ಪುಟ ಉಗುಳಿತು. ಬದರಿಯ ಅಕ್ಷರ ಇಂದಿಗೂ ದುಂಡಗೆ. ಹೋಟೆಲ್ ಕ್ಯಾನ್ಸಲ್ ಮಾಡು ಎಂಬುದೇ ಮೊದಲ ಸಾಲು. ಏರ್‌ಪೋರ್ಟಿಗೆ ತಾನೇ ಬರುತ್ತಾನೆ. ಮೀರಾ ಅತ್ತಿಗೆ ದಿನಾ ಬುತ್ತಿ ಕಟ್ಟಿಕೊಡುತ್ತಾಳೆ. ಕ್ಯೋಟೋವನ್ನು ಒಂದು ದಿನದಲ್ಲಿ ತಾನೇ ತೋರಿಸಿ ಮುಗಿಸುತ್ತಾನೆ. ಯುಗಾದಿಗೆ ಸುತ್ತಲಿನ ಏಳು ಕನ್ನಡ ಮನೆಯವರನ್ನು ಕರೆದಾಗಿದೆ, ಹೋಳಿಗೆ ಊಟ, ಸಿಂಗಪುರದ ಬಗ್ಗೆ ದ್ವಾರ್ಕಿ ನಾಲ್ಕು ಮಾತಾಡಬೇಕು. ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳಿದ್ದಾನೆ, ಅಮ್ಮನಿಗೆ ಕಣ್ಣಲ್ಲಿ ನೀರು ಬಂತಂತೆ. ಕೊನೆಯ ಪುಟದ ಕೊನೆಗೆ: ಇಲ್ಲಿಯ ಮನೆಗಳು ಚಿಕ್ಕವು, ಕೌಸಲ್ಯಾ ಒಳಗಿನ ರೂಮಿನಲ್ಲಿ ಮೀರಾ ಜೊತೆ ಮಲಗಲಿ, ನಾವಿಬ್ಬರೂ ಹಾಲಿನಲ್ಲಿ.

ಓದಿ ಮುಗಿಸಿದಾಗ ದ್ವಾರಕನಾಥನ ಹೆಗಲ ಮೇಲಿದ್ದ ಮೂಟೆ ಯಾರೋ ಇಳಿಸಿಕೊಂಡ ಹಾಗಾಯಿತು. ಬದರಿ ಮಾತಾಡುತ್ತಾನೆ, ಅತ್ತಿಗೆ ಮಾತಾಡುತ್ತಾಳೆ, ಏಳು ಮನೆಯವರು ಮಾತಾಡುತ್ತಾರೆ. ಹಾಳೆಯ ಚೌಕಗಳೆಲ್ಲ ತಾವಾಗಿಯೇ ತುಂಬಿಕೊಂಡವು. ತಿಂಗಳಿಂದ ಸರಿಯಾಗಿ ಊಟ ಸೇರದಿದ್ದವನು ಮಧ್ಯಾಹ್ನ ಹಾಕರ್ ಸೆಂಟರಿನಲ್ಲಿ ಎರಡು ತಟ್ಟೆ ಅನ್ನ ಹೊಡೆದ.

ಮನೆಗೆ ಬಂದಾಗ ಕೌಸಲ್ಯಾ ಲ್ಯಾಬಿಗೆ ಹೊರಟು ನಿಂತಿದ್ದಳು. ನಿಂತಲ್ಲೇ ನಾಲ್ಕೂ ಪುಟ ಓದಿದಳು. ಕೊನೆಯ ಪುಟವನ್ನು ಎರಡು ಸಲ ಓದಿದಳು.

"ಊಟಿಲೂ ಬದರಿ ಭಾವಾನೇ ಅಲ್ವಾ ರೂಮು ಹಂಚಿದ್ದು?"

ಇವನು ಗಡಿಬಿಡಿಯಲ್ಲಿ ಏನೇನೋ ಹೇಳಿದ. ತಾನು ಕೇಳಿದ್ದು ಊಟದ ವಿಷಯ ಮಾತ್ರ, ಅದೂ ಅವಳಿಗೋಸ್ಕರವೇ. ದೊಡ್ಡಮ್ಮನ ಮನೆಯ ಅನ್ನ ಏಳು ವರ್ಷ ತಿಂದವನು ಬೇಡ ಅನ್ನುವುದು ಹೇಗೆ. ಅವರಾಗಿಯೇ ಇಷ್ಟು ಪ್ರೀತಿಯಿಂದ ಕರೆದಿರುವಾಗ. ಅವಳು ಎಲ್ಲ ಕೇಳಿಸಿಕೊಂಡು ಪುಟಗಳನ್ನು ಮಡಿಸಿ ಅವನ ಕೈಗೆ ಕೊಟ್ಟಳು.

"ಅದಲ್ಲ ರೀ. ಇದನ್ನ ಓದಿ ನಿಮ್ಗೆ ನಿರಾಳ ಆಯ್ತು. ಬಾಗಿಲು ತೆಗೆದಾಗ್ಲೇ ಮುಖದಲ್ಲಿ ಕಾಣ್ತು."

ಕೊಡೆ ತೆಗೆದುಕೊಂಡು ಹೊರಟುಹೋದಳು. ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೂ ಇವನು ಅಲ್ಲೇ ನಿಂತಿದ್ದ.

ಅವಳು ಕೂಗಾಡಿದ್ದರೆ ಇವನೂ ಎರಡು ಮಾತು ಆಡಿ ಹಗುರಾಗುತ್ತಿದ್ದ. ಆದರೆ ಫ್ರಿಜ್ಜಿನ ಮೇಲೆ ಎಂದಿನಂತೆ ಹಾಲಿನ ಚೀಟಿ, ಹುಳಿಯ ಚೀಟಿ. ಗುರುವಾರ ಬೆಳಿಗ್ಗೆ ತಾರೀಖು ನೋಡಲು ಅಭ್ಯಾಸಬಲದಿಂದ ಕ್ಯಾಲೆಂಡರಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಹಾಳೆ ಎತ್ತುವ ಅಗತ್ಯವೇ ಇರಲಿಲ್ಲ. ಕ್ಯಾಲೆಂಡರು ಮಾರ್ಚಿನಲ್ಲಿತ್ತು. ಯಾವುದೋ ಬಂದರಿನ ಕ್ರೇನುಗಳು, ಕೆಳಗೆ ಸರಿಯಾದ ತಿಂಗಳ ಸರಿಯಾದ ತಾರೀಖು. ಅವಳು ಮಾರ್ಚಿನ ಹಾಳೆಯನ್ನು ಮುಂದಕ್ಕೆ ತಂದು ಏಪ್ರಿಲನ್ನು ಮುಚ್ಚಿದ್ದಳು.

ಆಮೇಲಿನ ಮೂರು ದಿನ ಅವನಿಗೆ ಮೈಮೇಲೆ ಇರುವೆ ಬಿಟ್ಟುಕೊಂಡ ಹಾಗೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ನಿಂತೇ ಹೋದ. ಒಂದೇ ಧಕ್ಕೆಗೆ ಒಂದೇ ಹೊತ್ತಿಗೆ ಎರಡು ಹಡಗು ಬರೆದು, ಜೊತೆಯವರು ತೋರಿಸಿದಾಗ ಕಕ್ಕಾಬಿಕ್ಕಿಯಾದ. ಬದರಿಗೆ ಹೇಳಲು ಮೂರು ಸುಳ್ಳು ಕಟ್ಟಿಕೊಂಡ: ಆಫೀಸಿನ ಮೀಟಿಂಗು, ಕೌಸಲ್ಯಾಳ ಮಂಡಿನೋವು, ಹೋಟೆಲಿನವರು ಕ್ಯಾನ್ಸಲ್ ಮಾಡುವುದಿಲ್ಲ ಎಂದದ್ದು. ಮೂರನ್ನೂ ಬಾಯಿಪಾಠ ಮಾಡಿದ.

ಭಾನುವಾರ ಹನ್ನೆರಡು ಗಂಟೆಗೆ, ಕೌಸಲ್ಯಾ ಕುಕ್ಕರ್ ಇಡುತ್ತಿದ್ದಾಗ, ಅವನು ಎದ್ದು ಹೋಗಿ ಕ್ಯಾಲೆಂಡರನ್ನು ಮತ್ತೆ ಏಪ್ರಿಲ್‌ಗೆ ತಿರುವಿದ. ಅವಳ ಕಡೆ ನೋಡಲಿಲ್ಲ. ಹಾಲಿಗೆ ಬಂದು ಒಸಾಕಾದ ನಂಬರು ಒತ್ತಿದ.

ಬದರಿ ಹಲೋ ಎನ್ನುವುದಕ್ಕೂ ಮೊದಲೇ ಫ್ಲೈಟು ಎಷ್ಟು ಗಂಟೆಗೆ ಎಂದು ಕೇಳಿದ. ದ್ವಾರಕನಾಥ ಮೊದಲನೇ ಸುಳ್ಳಿಗೆ ಬಾಯಿ ತೆರೆದ. ಅಷ್ಟರಲ್ಲಿ ಕೌಸಲ್ಯಾ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದು ಕಾಣಿಸಿತು. ಮೂರೂ ಸುಳ್ಳು ಒಟ್ಟಿಗೆ ಮರೆತುಹೋದವು.

"ಬದರಿ ಅಣ್ಣ, ನಾವು ನಿಮ್ಮನೆಗೆ ಬರ್ತಾ ಇಲ್ಲ. ಕ್ಯೋಟೋದಲ್ಲೇ ಇರ್ತೀವಿ. ನಾವಿಬ್ಬರೇ ಇರೋಣ ಅಂತ."

ಬದರಿ ದನಿ ತಗ್ಗಿಸಿ, "ಯಾಕೋ, ನಿಮ್ಮಿಬ್ಬರ ಮಧ್ಯೆ ಏನಾದ್ರೂ ತೊಂದ್ರೇನಾ?" ಎಂದ. ಗಂಡ ಹೆಂಡತಿ ಇಬ್ಬರೇ ಇರಬೇಕೆಂದರೆ ನಮ್ಮ ಜನಕ್ಕೆ ಬೇರೆ ಕಾರಣ ಹೊಳೆಯುವುದೇ ಇಲ್ಲ. ತೊಂದರೆಯೇನಿಲ್ಲ ಎಂದ ಇವನು. ಏಳು ಮನೆಗೆ ಹೇಳಿಯಾಗಿದೆಯಲ್ಲೋ ಎಂದ ಬದರಿ. ತಪ್ಪಾಯಿತು ಎಂದ ಇವನು. ಅಮ್ಮನಿಗೆ ಏನು ಹೇಳಲಿ ಎಂದ ಬದರಿ. ತುಪ್ಪದ ಮಿಳ್ಳೆ, ಸಟ್ಟುಗ, ಎರಡೂ ದ್ವಾರಕನಾಥನ ಕಣ್ಣ ಮುಂದೆ ಬಂದವು. ದೊಡ್ಡಮ್ಮನಿಗೆ ತಾನೇ ಕಾಗದ ಬರೆಯುತ್ತೇನೆ ಎಂದ.

"ನಿನ್ನಿಷ್ಟ," ಎಂದು ಬದರಿ ಫೋನ್ ಇಟ್ಟುಬಿಟ್ಟ. ನಮ್ಮ ಕಡೆ ಹಿರಿಯರು ಇದಕ್ಕಿಂತ ಕೆಟ್ಟದಾಗಿ ಬೈಯುವುದಿಲ್ಲ.

ರಿಸೀವರ್ ಇಟ್ಟಾಗ ಅವನ ಕಿವಿ ಕಾದುಹೋಗಿತ್ತು. ನಿಶ್ಚಿತಾ ರೂಮಿನ ಬಾಗಿಲಿನಿಂದ ತಲೆ ಹೊರಹಾಕಿ ಅಪ್ಪನನ್ನೂ ಅಮ್ಮನನ್ನೂ ನೋಡಿ ಬಾಗಿಲು ಹಾಕಿಕೊಂಡಳು. ಅವನು ಸೋಫಾದ ಮೇಲೆ ಕುಸಿದು ಕೂತ. ಎದುರಿನ ಟೀಪಾಯಿಯ ಮೇಲೆ ಅಗಲದ ಹಾಳೆ ಇತ್ತು. ರಬ್ಬರು ತೆಗೆದುಕೊಂಡು ಭಾನುವಾರದ ದೇವಸ್ಥಾನಗಳನ್ನು ಅಳಿಸಿದ, ಆಮೇಲೆ ಸೋಮವಾರದ್ದನ್ನು, ಆಮೇಲೆ ಮಂಗಳವಾರದ್ದನ್ನು. ಕಾಲುವೆಯೊಂದನ್ನು ಬಿಟ್ಟ. ಹಾಳೆ ಬೋಳಾಯಿತು.

ಕೌಸಲ್ಯಾ ಬಂದು ಪಕ್ಕದಲ್ಲಿ ಕೂತಳು. ಊಟಕ್ಕೆ ಅಲ್ಲಿ ಏನು ಮಾಡುವುದು ಎಂದು ಕೇಳಿದಳು. ಗೊತ್ತಿಲ್ಲ ಎಂದ. ಅವಲಕ್ಕಿ, ಚಟ್ನಿಪುಡಿ ಹಾಕಿಕೊಳ್ಳುತ್ತೇನೆ, ಹಣ್ಣಂತೂ ಸಿಗುತ್ತದಲ್ಲ ಎಂದಳು. ಹೂಂ ಎಂದ. ಅಲ್ಲಿಗೆ ಮಾತು ಮುಗಿಯಿತು. ಮುಗಿದದ್ದು ಇಬ್ಬರಿಗೂ ಗೊತ್ತಾಯಿತು.

"ಇಷ್ಟು ಹೊತ್ತೂ ನಾವೇನ್ ಮಾಡ್ತೀವಿ ಕೌಸಲ್ಯಾ?" ಹಾಳೆ ನೋಡುತ್ತಲೇ ಅವನು ಕೇಳಿದ. "ನಂಗೆ ಭಯ ಆಗತ್ತೆ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ನಂಗೂ," ಅಂದಳು.

ದ್ವಾರಕನಾಥ ತಿರುಗಿ ಅವಳ ಮುಖ ನೋಡಿದ. ಹೋಗೋಣ ಎಂದವಳೇ ಅವಳು, ಇಬ್ಬರೇ ಎಂದವಳೂ ಅವಳು. ಮೂರು ತಿಂಗಳಿಂದ ಆ ಹೂವಿನ ಹಾಳೆಯ ಎದುರು ಒಗ್ಗರಣೆ ಹಾಕುತ್ತ ಅವಳೂ ಹೆದರಿಕೊಂಡೇ ನಿಂತಿದ್ದಳು ಎಂಬುದು ಅವನಿಗೆ ಆಗ ತಿಳಿಯಿತು. ಕಿವಿಯ ಹತ್ತಿರ ಅವಳ ಕೂದಲು ನೆರೆತಿತ್ತು. ಅದನ್ನು ಅವನು ಇದುವರೆಗೆ ನೋಡಿರಲಿಲ್ಲ.

ಅವನ ಬಲಗಾಲು ಕುಣಿಯುತ್ತಿತ್ತು. ಅವಳು ಅದರ ಮಂಡಿಯ ಮೇಲೆ ಕೈ ಇಟ್ಟಳು. ಕಾಲು ನಿಲ್ಲಲಿಲ್ಲ, ಅವಳೂ ಕೈ ತೆಗೆಯಲಿಲ್ಲ. ಒಳಗೆ ಕುಕ್ಕರ್ ಕೂಗಿತು. ಅವಳ ಶಿಫ್ಟಿಗೆ ಇನ್ನೂ ಎರಡು ಗಂಟೆ ಹೊತ್ತಿತ್ತು.