ಬರಗೇರಮ್ಮನ ಮೂರು ಕಿಲೋ

ಭಗವಂತನ ಮಕ್ಕಳೇ, ಒಂದಿಷ್ಟು ಹೊತ್ತು ಕಿವಿಗೊಟ್ಟು ಕೇಳಿರಿ. ಯಲ್ಲದಕೆರೆಯ ಬರಗೇರಮ್ಮನಿಗೂ ಅವಳ ಗಂಡ ಗುಡ್ಡಪ್ಪನಿಗೂ ಒಂದೇ ದಿನ ಸಕ್ಕರೆ ಕಾಯಿಲೆ ಪತ್ತೆಯಾಯಿತು. ಮಾತ್ರೆಯ ಜೊತೆಗೆ ಮೈತೂಕವನ್ನೂ ಇಳಿಸಬೇಕೆಂದು ಹಿರಿಯೂರಿನ ಡಾಕ್ಟರ್ ದೇವಿಕಾ ಹೇಳಿದರು. ಅಂದಿನಿಂದ ಇಬ್ಬರ ತಟ್ಟೆಗೂ ಅರ್ಧರ್ಧ ಮುದ್ದೆ. ಇಬ್ಬರೂ ಕುರಿಗಳ ಹಿಂದೆ ನಡೆಯುವುದು ಒಂದೇ ದಾರಿ.

ಗುಡ್ಡಪ್ಪನಿಗೆ ತೂಕದ ಕಾಟಾದ ಮೇಲೆ ಅಪಾರ ನಂಬಿಕೆ. ಕಾಯುವವನು ಏನೇ ಹೇಳಲಿ, ಕುರಿ ಮೇದಿದೆಯೋ ಇಲ್ಲವೋ ಎಂಬುದನ್ನು ತೂಕವೇ ಹೇಳುತ್ತದೆ ಎನ್ನುವವನು ಅವನು. ಪ್ರತಿ ಸೋಮವಾರ ಪೂಜೆ ಮುಗಿಸಿ, ಕುರಿ ತೂಗುವ ಅದೇ ಕಾಟಾದ ಮೇಲೆ ತಾನೂ ನಿಂತು ಹೆಂಡತಿಯನ್ನೂ ನಿಲ್ಲಿಸುತ್ತಿದ್ದ. ಮೂರು ತಿಂಗಳಲ್ಲಿ ಅವನು ಎಂಟು ಕಿಲೋ ಇಳಿದ. ಅವಳು ಮೂರೇ ಕಿಲೋ.

ಒಡಹುಟ್ಟಿದ ತಮ್ಮ ಓಬಳೇಶನ ಮನೆಯವರೆಲ್ಲ ಜಗಲಿಯಲ್ಲಿ ಕುಳಿತಿದ್ದಾಗ ಗುಡ್ಡಪ್ಪ ನಗುತ್ತಾ, "ಕಾಟಾ ಸರಿಯಾಗೇ ಐತೆ ಕಣ್ಲಾ. ನಿಮ್ಮತ್ತಿಗೆನೇ ಬೆಲ್ಲದ ಡಬ್ಬಿ ಜೊತೆ ಒಬ್ಬಳೇ ಮಾತಾಡ್ತಾಳೆ" ಎಂದ.

ಎಲ್ಲರೂ ನಕ್ಕರು, ಬರಗೇರಮ್ಮನೂ ನಕ್ಕಳು. ಆದರೆ ಮೂವತ್ತು ವರ್ಷ ತನ್ನ ಕೈಯ ಅನ್ನ ಉಂಡವನು ತನ್ನನ್ನು ಕಳ್ಳಿ ಎಂದನಲ್ಲ ಎಂಬುದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಮರುದಿನದಿಂದ ಆ ಅರ್ಧ ಮುದ್ದೆಯನ್ನೂ ಬಿಟ್ಟಳು. ಉಂಡೆನೆಂದು ಹೇಳಿ ನಾಯಿಗೆ ಹಾಕಿದಳು. ಐದನೆಯ ದಿನ ಕುರಿಹಟ್ಟಿಯ ಬಾಗಿಲಲ್ಲೇ ಕುಸಿದಳು.

ಆಸ್ಪತ್ರೆಯಲ್ಲಿ ಕಣ್ಣು ತೆರೆದವಳು ಮೊದಲು ಆಡಿದ್ದು ಇಷ್ಟೇ: "ನಾನು ಕದ್ದು ತಿಂದಿಲ್ಲ ಕಣ್ರಿ."

ದೇವಿಕಾ ಗುಡ್ಡಪ್ಪನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಗಂಡಸಿನ ಕೊಬ್ಬು ಹೆಚ್ಚಾಗಿ ಹೊಟ್ಟೆಯ ಒಳಗೆ ಕೂರುತ್ತದೆ, ಬೇಗ ಕರಗುತ್ತದೆ. ಅವನ ಮೈಯಲ್ಲಿ ಮಾಂಸಖಂಡವೂ ಹೆಚ್ಚು, ಸುಮ್ಮನೆ ಕೂತರೂ ಅದು ಹೆಚ್ಚು ಶಕ್ತಿ ಸುಡುತ್ತದೆ. ಹೆಣ್ಣಿನ ಕೊಬ್ಬು ಸೊಂಟ, ತೊಡೆಗಳ ಚರ್ಮದಡಿ ನಿಂತು, ಬಿಡಲು ತಡಮಾಡುತ್ತದೆ. ಒಂದೇ ಊಟ, ಒಂದೇ ನಡಿಗೆಯಾದರೂ ಇಳಿತ ಒಂದೇ ಆಗಬೇಕೆಂದಿಲ್ಲ. ಆ ಮೂರು ಕಿಲೋಗೇ ಬರಗೇರಮ್ಮನ ಸಕ್ಕರೆ ಹತೋಟಿಗೆ ಬರುತ್ತಿತ್ತು. ಮಾತ್ರೆ ನುಂಗಿ ಉಪವಾಸವಿದ್ದದ್ದರಿಂದಲೇ ಸಕ್ಕರೆ ತೀರಾ ಇಳಿದು ಅಪಾಯವಾಯಿತು.

ದೇವರು ಗಂಡು ಹೆಣ್ಣುಗಳನ್ನು ಒಂದೇ ಪ್ರೀತಿಯಿಂದ ಮಾಡಿದನಾದರೂ ಒಂದೇ ಅಚ್ಚಿನಲ್ಲಿ ಎರೆಯಲಿಲ್ಲವೆಂಬುದು ಗುಡ್ಡಪ್ಪನಿಗೆ ಆಗ ಹೊಳೆಯಿತು.

ಊರಿಗೆ ಬಂದ ಸಂಜೆಯೇ ಓಬಳೇಶನ ಮನೆಯವರನ್ನೆಲ್ಲ ಕರೆಸಿ, ಅವರೆದುರು ತನ್ನ ಕೈಯಾರೆ ಹೆಂಡತಿಯ ತಟ್ಟೆಗೆ ಮುದ್ದೆ ಇಟ್ಟ. "ಅವತ್ತು ನಾನಂದಿದ್ದು ಸುಳ್ಳು. ಇವಳು ನನಗಿಂತ ಕಷ್ಟಪಟ್ಟವಳೆ. ಉಣ್ಣೇ, ನೀನುಂಡ ಮ್ಯಾಲೆ ನಾನು."

"ನೀವು ಹಿಂಗೆ ನೋಡ್ತಾ ಕುಂತ್ರೆ ಗಂಟಲಾಗೆ ಇಳಿಯಾಕಿಲ್ಲ, ಆ ಕಡೆ ತಿರುಗ್ರಿ" ಎಂದು ಬರಗೇರಮ್ಮ ಕಣ್ಣೊರೆಸಿಕೊಂಡು ತುತ್ತು ಮುರಿದಳು.

ಸಜ್ಜನರೇ, ನಿಮ್ಮ ಮನೆಯ ಹೆಣ್ಣುಮಗಳ ಶ್ರಮವನ್ನು ನಿಮ್ಮ ಮೈಯ ಲೆಕ್ಕದಿಂದ ಅಳೆಯಬೇಡಿರಿ. ನಾಲ್ವರ ಮುಂದೆ ಅವಳನ್ನು ನೋಯಿಸಿದ್ದರೆ, ಇಂದೇ ಆ ನಾಲ್ವರ ಮುಂದೆಯೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿರಿ.